ಸೌಡಿ ಕಾಕಾ ಹಾಕಿದ ಓದಿನ ಪಾಳಿ

ಸೌಡಿ ಕಾಕಾ ಅವರನ್ನು ಮಣ್ಣು ಮಾಡಿದ ದಿನ ಮಸ್ಕಿಯ ಕಬರಸ್ತಾನದ ಹೊರಗೆ ರೈತರು ಎರಡು ಗುಂಪಾಗಿ ನಿಂತಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಹೊಲ ಇದ್ದವರು ಒಂದು ಕಡೆ, ಕೊನೆ ಭಾಗದವರು ಇನ್ನೊಂದು ಕಡೆ. "ಮನಷಾ ಬಂಗಾರದಂಥಾವ ಖರೆ, ಆದ್ರ ನೀರೆಲ್ಲಾ ಕೆಳಗಿನೋರಿಗೆ ಸುರುವಿದ" ಎಂದು ಮೇಲಿನವರು ಮೆಲ್ಲಗೆ ಆಡಿಕೊಂಡರು. "ಒಳ್ಳ್ಯಾವ, ಆದ್ರ ಮ್ಯಾಲಿನೋರ ಮುಲಾಜು ಬಾಳ ಇತ್ತು" ಎಂದು ಕೆಳಗಿನವರು. ಎರಡೂ ಗುಂಪಿನವರ ಕಣ್ಣು ಒದ್ದೆಯಾಗಿದ್ದವು. ಎರಡೂ ಕಡೆಯವರಿಂದ ಬೈಸಿಕೊಂಡವನು ತಕ್ಕಡಿ ನೆಟ್ಟಗೆ ಹಿಡಿದಿರುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕಾಕಾ ವಿಷಯದಲ್ಲಿ ಆ ಮಾತು ಸುಳ್ಳಾಗಲಿಲ್ಲ.

ಕಾಲುವೆಯ ತೂಬುಗಳನ್ನು ಏರಿಸಿ ಇಳಿಸಿ, ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಎಂಬ ಪಾಳಿ ನೋಡಿಕೊಳ್ಳುವ ನೌಕರನಿಗೆ ನಮ್ಮ ಕಡೆ ಸೌಡಿ ಎನ್ನುತ್ತಾರೆ. ಕಾಕಾ ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ, ಮಳೆಯನ್ನೇ ನಂಬಿದ ನೆಲದಲ್ಲಿ. "ಕುಡಿಯಾಕ ನೀರಿಲ್ಲದ ಊರಾಗ ಹುಟ್ಟಿಸಿ, ಕಾಲುವಿ ಕೀಲಿ ಕೈಯಾಗ ಕೊಟ್ಟಾನ ನೋಡ್ರಿ ಅಲ್ಲಾ, ಅವನ ಚಾಷ್ಟಿ ಎಂಥಾದು!" ಎಂದು ನಗುತ್ತಿದ್ದರು. ಓದಿದ್ದು ಏಳನೆಯ ಇಯತ್ತೆ. ಖಾಕಿ ಅಂಗಿ, ಹೆಗಲ ಮೇಲೆ ತೂಬು ತಿರುಗಿಸುವ ಕಬ್ಬಿಣದ ಹಿಡಿ, ಬೆಲ್ಲಿಲ್ಲದ ಸೈಕಲ್ಲು. ಎದುರಿಗೆ ಯಾರಾದರೂ ಬಂದರೆ ಕೆಮ್ಮುತ್ತಿದ್ದರು, ಅದೇ ಬೆಲ್ಲು. ಚಹಾವನ್ನು ಬಸಿಗೆ ಸುರುವಿ, ಆರಿ ತಣ್ಣಗಾಗುವ ತನಕ ಅದರ ಮುಖ ನೋಡುತ್ತ ಕೂರುತ್ತಿದ್ದರು. ಫೋನಿನಲ್ಲಿ ಮಾತಾಡಿದರೆ ಕಾಲುವೆಯ ಆಚೆ ದಂಡೆಯವನನ್ನು ಕೂಗಿದ ಹಾಗೆ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಹಟವೂ ಇತ್ತು, ಅದನ್ನು ಮುಚ್ಚಿಡಲಾರೆ. ಅಂಗಿಯ ಜೇಬಿನಲ್ಲಿ ಸದಾ ಅರ್ಧಕ್ಕೆ ಹರಿದ ಲಗ್ನಪತ್ರಿಕೆಗಳಿರುತ್ತಿದ್ದವು. ಅವುಗಳ ಬೆನ್ನ ಮೇಲೆ ಪಾಳಿ ಬರೆದುಕೊಳ್ಳುವುದು ಅವರ ಪದ್ಧತಿ. "ಸರಕಾರದ ವಹಿ ಸಾಹೇಬರಿಗೆ, ಇದು ನನಗ" ಎನ್ನುವರು.

ಮಸ್ಕಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಕಾಕಾ ನಮ್ಮ ಓಣಿಯವರೇ. ವಾರಕ್ಕೊಮ್ಮೆ ಜೋಳದ ಡಬ್ಬಿ ಹಿಡಿದುಕೊಂಡು ಬಂದು, ಹಿಟ್ಟಾದ ಮೇಲೂ ಒಂದು ತಾಸು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ಅದು ಎರಡು ತಾಸಾಯಿತು. ಆದರೂ ಬೆಳಗಾದರೆ ಕಾಲುವೆಯ ದಂಡೆಯ ಮೇಲೆ ನಡೆಯುವುದನ್ನು ಮಾತ್ರ ಬಿಡಲಿಲ್ಲ. ಅವರ ಜೊತೆ ಅವರ ಹೆಂಡತಿ, ನನ್ನ ಹೆಂಡತಿ, ನನ್ನ ಮಗಳು ಸಹನಾ. ಮುಂದೆ ಕಾಕಾ, ಹಿಂದೆ ಇವರ ದಂಡು.

ಸಹನಾಳಿಗೆ ಚಿಕ್ಕಂದಿನಿಂದ ಮಾತು ತೊದಲುತ್ತದೆ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಅಂದಾಗ ಒಂದು ಸಾಲು ಮುಗಿಯುವಷ್ಟರಲ್ಲಿ ವರ್ಗವೆಲ್ಲ ನಗುತ್ತಿತ್ತು. ಆರನೆಯ ಇಯತ್ತೆಯಲ್ಲಿ ಅವಳು ಮಾತನ್ನೇ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಕೂಡ. ಮೂರು ತಿಂಗಳು ನೋಡಿ, ನಾವು ಗಂಡ ಹೆಂಡತಿ ಅವಳನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದೆವು. ನನ್ನ ಹೆಂಡತಿ ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಅಡಿಗೆಮನೆಯ ಗೋಡೆಗೆ ಕರಿಹಲಗೆ ಬಂತು. "ಶಾಲಿ ಬಿಡಿಸಿ ಲಗ್ನಾ ಮಾಡ್ತೀರೇನು?" ಎಂದು ಓಣಿಯವರು ಕೇಳಿದರು, "ಫೀಸು ಉಳಿಸಾಕತ್ತಾನ ಗಿರಣಿಯಾವ" ಎಂದರು. ಒಂದೆರಡು ವರ್ಷದಲ್ಲಿ ಹುಡುಗಿಗೆ ಮಾತು ತಿರುಗಿ ಬಂತು. ತೊದಲು ಹಾಗೇ ಇತ್ತು, ಆದರೆ ಮಾತು ಬಂತು. ನನಗೆ ಅಷ್ಟೇ ಸಾಕಿತ್ತು.

ಆ 'ಅಷ್ಟೇ ಸಾಕು' ಎಂಬುದರಲ್ಲೇ ನಾನು ಎಡವಿದೆ.

ಹದಿನಾಲ್ಕು ತುಂಬಿದಾಗ ಓಪನ್ ಸ್ಕೂಲಿನ ಮೂಲಕ ಹತ್ತನೆಯ ಪರೀಕ್ಷೆಗೆ ಅವಳ ಹೆಸರು ಹಚ್ಚಬೇಕಾಯಿತು. ಅಲ್ಲಿ ಐದು ವಿಷಯ ನಾವೇ ಆರಿಸಿಕೊಳ್ಳಬಹುದು. ನಾನು ಸಿಂಧನೂರಿನಲ್ಲಿದ್ದ ಅದರ ಕೇಂದ್ರಕ್ಕೆ ಹೋಗಿ, ಯಾರನ್ನೂ ಕೇಳದೆ ಫಾರ್ಮು ತುಂಬಿ ಬಂದೆ: ಕನ್ನಡ, ಸಮಾಜ, ಗೃಹವಿಜ್ಞಾನ, ಚಿತ್ರಕಲೆ, ಡಾಟಾ ಎಂಟ್ರಿ. ಗಣಿತ ಇಲ್ಲ, ವಿಜ್ಞಾನ ಇಲ್ಲ. ಫೇಲಾಗುವ ಸಂಭವವೇ ಇರಬಾರದು, ಯಾರೂ ಅವಳನ್ನು ನೋಡಿ ಮತ್ತೆ ನಗಬಾರದು ಎಂಬುದು ನನ್ನ ಯೋಜನೆ. ಬಹಳ ಶಾಣ್ಯಾತನ ಮಾಡಿದೆ ಅಂದುಕೊಂಡು ಗಿರಣಿಯಲ್ಲಿ ಕಾಕಾ ಅವರಿಗೆ ಆ ಕಾಗದ ತೋರಿಸಿದೆ.

ಕಾಕಾ ಅಚ್ಚಾದ ಕಾಗದವನ್ನು ನಂಬುವವರಲ್ಲ. ಎರಡು ಸಲ ಓದಿಸಿ ಕೇಳಿದರು.

"ಇದು ಎಲ್ಲಿಗೆ ಹೋಗಿ ಮುಟ್ಟತೈತಿ?"

"ಎಲ್ಲಿಗೆ ಅಂದ್ರ? ಹತ್ತನೇತ್ತ ಪಾಸಾಗ್ತಾಳ ಕಾಕಾ."

"ಆಮ್ಯಾಲ?"

"ಆಮ್ಯಾಲ ನೋಡೋಣು."

"ಆಮ್ಯಾಲ ನೋಡೋಣು ಅಂತ ಬಿಟ್ಟ ನೀರು ಹಳ್ಳಕ್ಕ ಹೋಗತೈತಿ, ಗಿರಣಿಯಪ್ಪ. ಆಕಿನ್ನ ಕೇಳೀಯೇನು?"

ನಾನು ಕೇಳಿರಲಿಲ್ಲ. ಅವಳು ಉತ್ತರ ಹೇಳಲು ಹೊತ್ತು ಹಿಡಿಯುತ್ತದೆ, ಅದನ್ನು ನೋಡಲು ನನ್ನ ಕೈಲಾಗುತ್ತಿರಲಿಲ್ಲ. ಹೀಗಾಗಿ ಎಷ್ಟೋ ವರ್ಷದಿಂದ ಅವಳ ಉತ್ತರವನ್ನೆಲ್ಲ ನಾನೇ ಹೇಳುತ್ತ ಬಂದಿದ್ದೆ. ಅಂದು ಸಹನಾ ಅಲ್ಲೇ ತೂಕದ ಹತ್ತಿರ ನಿಂತಿದ್ದಳು.

"ಗಿರಣಿ ಬಂದ್ ಮಾಡು" ಎಂದರು ಕಾಕಾ.

ಡಬ್ಬಿ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು, "ಯಪ್ಪಾ, ನನ್ನ ಜ್ವಾಳ ಅರ್ಧಕ್ಕ ನಿಲ್ಲತಾವ. ಮನ್ಯಾಗ ರೊಟ್ಟಿ ಬಡೀಬೇಕು" ಎಂದಳು.

"ನಿನ್ನ ಗಂಡ ಒಂದು ತಾಸು ತಡದು ಉಂಡ್ರ ಸೊರಗಿ ಹೋಗಂಗಿಲ್ಲವ್ವಾ. ಮೊನ್ನಿ ನೋಡೀನಿ ಅವನ ಹೊಟ್ಟಿ. ಕುಂದ್ರು."

ಎಲ್ಲರೂ ನಕ್ಕರು, ಅವಳೂ ನಕ್ಕು ಕೂತಳು. ಬೆಲ್ಟು ನಿಂತಿತು. ಆ ಸದ್ದು ನಿಂತಾಗ ಗಿರಣಿಯಲ್ಲಿ ನಮ್ಮ ಉಸಿರು ನಮಗೇ ಕೇಳಿಸಿತು.

"ಏನ್ ಆಗಬೇಕಂತಿ, ಬೇಟಿ? ಜಲ್ದಿ ನಕ್ಕೋ, ಅವಸರ ಬ್ಯಾಡ. ನೀರಿನ ದಾರಿ ಕಾಯ್ದು ಕಾಯ್ದು ನನಗ ರೂಢಿ ಐತಿ" ಎಂದು ಹೇಳಿ, ಚಹಾದ ಬಸಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತರು. ಅವಳ ಮುಖ ನೋಡಲಿಲ್ಲ. ಅದು ದೊಡ್ಡ ಉಪಕಾರ ಎಂದು ನನಗೆ ಎಷ್ಟೋ ದಿನದ ಮೇಲೆ ತಿಳಿಯಿತು. ನಾವೆಲ್ಲ ಅವಳ ಬಾಯನ್ನೇ ದಿಟ್ಟಿಸಿ ನೋಡುತ್ತಿದ್ದೆವು.

ಹೊತ್ತು ಹಿಡಿಯಿತು. ನಾನು ಎರಡು ಸಲ ಬಾಯಿ ತೆರೆದೆ, ಕಾಕಾ ಎರಡು ಸಲ ಕೈ ಎತ್ತಿ ನನ್ನನ್ನು ತಡೆದರು. ಕೊನೆಗೆ ಅವಳು ಹೇಳಿದಳು: "ತಾ... ತಾತ, ಕಾಲುವಿ ಮ್ಯಾಲ ಮೂ... ಮೂರು ಕಾಲಿನ ದು... ದುರ್ಬೀನು ಇಟ್ಟಿದ್ರಲ್ಲ. ನೀರು ಬ... ಬಿಡೂಕಿಂತ ಮೊದಲ, ಅಲ್ಲಿ ತನ ಹ... ಹರೀತೈತೋ ಇಲ್ಲೋ ಅಂತ ಅ... ಅಳದು ಹೇಳೂದು. ಅದು ಬೇಕು."

ಹಿಂದಿನ ವರ್ಷ ದುರಸ್ತಿ ಕೆಲಸಕ್ಕೆ ಬಂದ ಇಂಜಿನಿಯರುಗಳು ದಂಡೆಯ ಮೇಲೆ ದುರ್ಬೀನಿಟ್ಟು ನೆಲದ ಲೆವೆಲ್ ನೋಡುತ್ತಿದ್ದರಂತೆ. ಕಾಕಾ ಕೇಳಿಕೊಂಡು ಸಹನಾಳಿಗೂ ಒಮ್ಮೆ ಅದರೊಳಗೆ ನೋಡಿಸಿದ್ದರಂತೆ. ಒಂದು ವರ್ಷದಿಂದ ಅದು ಅವಳ ತಲೆಯಲ್ಲಿದ್ದದ್ದು ಮನೆಯವರಿಗೆ ಗೊತ್ತಿರಲಿಲ್ಲ.

"ಕೇಳಿದ್ಯಲ್ಲ?" ಎಂದು ಕಾಕಾ ನನ್ನ ಕಡೆ ತಿರುಗಿ, ತೂಕದ ಮೇಜಿನ ಮೇಲೆ ಹಬ್ಬಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆದರು. "ಪಾಳಿ ಹಚ್ಚೋದು ಯಾವತ್ತೂ ಕೊನೀ ಹೊಲದಿಂದ. ಅಲ್ಲಿಗೆ ನೀರು ಮುಟ್ಟಬೇಕಂದ್ರ ಅದರ ಮ್ಯಾಲಿನ ತೂಬು ಎಷ್ಟು ತೆರದಿರಬೇಕು, ಅದರ ಮ್ಯಾಲಿಂದು ಎಷ್ಟು, ಹಂಗ ಏರಿಕೋತ ಬರಬೇಕು. ನೀ ಮ್ಯಾಲಿನಿಂದ ಇಳಿದೀಯಿ. ನಾಳೆ ಕೊನೀಗೆ ಹೋಗಿ ಕೇಳಿಕೊಂಡು ಬರೂಣು, ನಡಿ."

ಕೊನೆ ಎಂದರೆ ಲಿಂಗಸುಗೂರು. ಆ ದುರ್ಬೀನಿನ ಕೆಲಸ ಕಲಿಸುವ ಸಿವಿಲ್ ಡಿಪ್ಲೊಮಾ ಕಾಲೇಜು ಇದ್ದದ್ದು ಅಲ್ಲಿ. ಮರುದಿನ ನಾವು ಮೂವರೂ ಬಸ್ಸು ಹತ್ತಿದೆವು. ಕಚೇರಿಯಲ್ಲಿದ್ದ ಗುಮಾಸ್ತರಿಗೆ ಕಾಕಾ ಸಲಾಂ ಮಾಡಿ, ಜೇಬಿನಿಂದ ಲಗ್ನಪತ್ರಿಕೆ ತೆಗೆದು, ಪೆನ್ನು ಹಿಡಿದರು.

"ಸಾಹೇಬ್ರ, ಸಿವಿಲ್ ಕಲೀಬೇಕಂದ್ರ ನಿಮ್ಮ ಬಾಗಲಾಗ ಏನ್ ಕೇಳ್ತೀರಿ?"

"ಹತ್ತನೇತ್ತ ಪಾಸಾಗಿರಬೇಕ್ರಿ. ಗಣಿತ, ವಿಜ್ಞಾನ ಎರಡೂ ಇರಬೇಕು."

"ಮನ್ಯಾಗ ಓದಿದ್ರ?"

"ಓಪನ್ ಸ್ಕೂಲ್ ಸರ್ಟಿಫಿಕೇಟ್ ಇದ್ರ ನಡೀತೈತಿ. ಆದ್ರ ಆ ಎರಡು ವಿಷಯ ಇಲ್ಲಂದ್ರ ಇಲ್ಲ."

"ಇಲ್ಲಿಂದ ಮುಗಿಸಿ ಹೋದೋರು ಎಲ್ಲಿಗೆ ಹೋಗ್ತಾರ?"

"ಕೆಲಸಕ್ಕ ಹೋಗಬಹುದು. ಓದೂ ಮನಸ್ಸಿದ್ರ ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕ ಸೇರಬಹುದು."

"ಹಂಗಾರ ಮುಂದೂ ಎರಡು ತೂಬು ಅದಾವ" ಎಂದು ಕಾಕಾ ಬರೆದುಕೊಂಡರು. ಗುಮಾಸ್ತರು ಬಗ್ಗಿ ನೋಡಿದರು. ಪತ್ರಿಕೆಯ ಬೆನ್ನ ಮೇಲೆ ಕಾಲುವೆಯ ನಕ್ಷೆ, ಒಂದೊಂದು ತೂಬಿನ ಹತ್ತಿರ ಒಂದೊಂದು ವಿಷಯದ ಹೆಸರು. "ಇದೇನ್ರಿ ಯಜಮಾನ್ರ, ಕಾಲೇಜು ಸೇರಾಕ ಬಂದೀರೋ ನೀರು ಬಿಡಾಕ ಬಂದೀರೋ?" ಎಂದು ಅವರು ನಕ್ಕರು. "ಎರಡೂ ಒಂದ ಅಲ್ರಿ" ಎಂದರು ಕಾಕಾ, ನಗದೆ.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಸಹನಾ ನೀರು ಕುಡಿಯಲು ಹೋದಾಗ ಹೇಳಿಯೇಬಿಟ್ಟೆ: "ಗಣಿತ ಹಚ್ಚಿ ಫೇಲ್ ಆದ್ಲು ಅಂದ್ರ ಮತ್ತ ಬಾಯಿ ಮುಚ್ಚಿಬಿಡ್ತಾಳ ಕಾಕಾ. ಆ ಮೂರು ತಿಂಗಳು ಮನ್ಯಾಗ ಹೆಂಗಿತ್ತು ನೀವು ಕಂಡಿಲ್ಲ. ನಿಮ್ಮ ಮಗಳಾಗಿದ್ರ ಹಿಂಗ ಧೈರ್ಯ ಮಾಡ್ತಿದ್ರೇನು?"

ಸಿಟ್ಟಿನ ಮನುಷ್ಯ. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. ಬೆಂಚಿನ ಮೇಲೆ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು.

"ನಾ ಹೊಸದಾಗಿ ನೌಕರಿಗೆ ಸೇರಿದಾಗಿನ ಮಾತು. ನೀರು ಕಡಿಮಿ ಇತ್ತು. ಮ್ಯಾಲಿನೋರು ದಿನಾ ಬಂದು ತೂಬಿನ ಮ್ಯಾಲ ಕುಂತು ಒದರೋರು. ನಾ ಅಂಜಿ ಅವರಿಗೆ ಬಿಟ್ಟೆ. ಕೊನೀ ಹೊಲದಾವ ಒಬ್ಬಾವ ಒಂದು ದಿನಾನೂ ಬರಲಿಲ್ಲ, ಬಾಯಿ ಬಿಡಲಿಲ್ಲ. ಅವನ ನೆಲ್ಲು ನಿಂತಲ್ಲೇ ಒಣಗಿತು. ಮುಂದ ಸಂತ್ಯಾಗ ಸಿಕ್ಕ. 'ಯಾಕಪಾ, ನೀ ಯಾಕ ಬಂದು ಕೇಳಲಿಲ್ಲ?' ಅಂದೆ. 'ನೀವ ನೋಡ್ತೀರಿ ಅಂತ ತಿಳಕೊಂಡಿದ್ದೆ' ಅಂದ. ಅಷ್ಟ. ಬೈಯಲೂ ಇಲ್ಲ, ಜಗಳಾನೂ ತೆಗೀಲಿಲ್ಲ. ಚಹಾ ಕುಡಿಸಿ ಕಳಿಸಿದ." ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಿನ್ನ ಮಗಳು ಒದರಾಕಿ ಅಲ್ಲ. ನೀ ಪ್ರೀತಿಯಿಂದನ ತೂಬು ಮುಚ್ಚಾಕತ್ತೀಯಿ, ನನಗ ತಿಳೀತೈತಿ. ಆದ್ರ ಒಣಗೋದು ಹೊಲಾನ."

ಆ ವಾರವೇ ಸಿಂಧನೂರಿಗೆ ಹೋದೆವು. ದೇವರು ದೊಡ್ಡವನು, ಎರಡು ವಿಷಯ ಹೆಚ್ಚಿಗೆ ಸೇರಿಸಲು ಇನ್ನೂ ಅವಕಾಶ ಇತ್ತು. ಗಣಿತ, ವಿಜ್ಞಾನ ಸೇರಿದವು. ಇಲ್ಲಿ ಕಾಕಾ ತಾವೂ ಒಂದು ತಪ್ಪು ಮಾಡಿದರು. "ಚಿತ್ರಕಲಾ ತೆಗಸಿಬಿಡು. ಗಿಡಾ ಹೂವಾ ಬರಕೊಂತ ಕುಂತ್ರ ನೀರು ಸುಮ್ನ ಸೋರಿ ಹೋಗತೈತಿ" ಎಂದು ಹಟ ಹಿಡಿದರು. ಸಹನಾ ಅಷ್ಟೇ ಹಟದಿಂದ ಅಡ್ಡಡ್ಡ ತಲೆಯಾಡಿಸಿದಳು. ತಾತ ಮೊಮ್ಮಗಳು ಒಂದು ದಿನ ಮಾತು ಬಿಟ್ಟರು. ಆಮೇಲೆ ಯಾರೋ ಪರಿಚಯದ ಓವರ್‌ಸಿಯರ್, ಸಿವಿಲ್‌ನಲ್ಲಿ ಅರ್ಧ ಕೆಲಸ ಡ್ರಾಯಿಂಗಿನದೇ ಎಂದು ಹೇಳಿದರಂತೆ. ಮರುದಿನ ಕಾಕಾ ಗಿರಣಿಗೆ ಬಂದು, ಬಾಯಿಂದ ಏನೂ ಹೇಳದೆ, ಹೊಸ ಪೆನ್ಸಿಲ್ಲಿನ ಡಬ್ಬಿಯೊಂದನ್ನು ತೂಕದ ಮೇಲಿಟ್ಟು, "ನೋಡು, ಎಷ್ಟು ಗ್ರಾಂ ಐತಿ" ಎಂದರು. ಅವರಿಗೆ ತಪ್ಪಾಯಿತು ಅನ್ನಲು ಬರುತ್ತಿದ್ದುದು ಅಷ್ಟೇ.

ಓದಿಗೂ ಪಾಳಿ ಹಾಕಿಕೊಟ್ಟರು. ಹತ್ತು ದಿನ ಒಂದು ವಿಷಯ ತುಂಬ ಓದು, ಆಮೇಲೆ ನಾಲ್ಕು ದಿನ ಅದನ್ನು ಮುಟ್ಟಬಾರದು. "ದಿನಾ ನೀರು ಬಿಟ್ರ ಬೇರು ಕೊಳೀತಾವ" ಎಂಬುದು ಅವರ ಶಾಸ್ತ್ರ. ಆ ಬಿಡುವಿನ ದಿನಗಳನ್ನು ಬಿಟ್ಟರೆ ಬೆಳಗಿನ ಮೊದಲ ಪಾಳಿ ಗಣಿತಕ್ಕೆ, ಅದು ಎಲ್ಲಕ್ಕಿಂತ ದೂರದ ಹೊಲ ಎಂದು. ಕಲಿಸುವವಳು ನನ್ನ ಹೆಂಡತಿ. ತಾನು ಮರೆತದ್ದನ್ನೆಲ್ಲ ಮತ್ತೆ ಕಲಿತು ಕಲಿಸಿದಳು. ಹತ್ತು ದಿನಕ್ಕೊಮ್ಮೆ ಕಾಕಾ ಬಂದು ಪರೀಕ್ಷೆ ಮಾಡುವರು. ಬೀಜಗಣಿತ ಅವರಿಗೇನು ತಿಳಿಯಬೇಕು! "ಇದು ಯಾಕ ಹಿಂಗ ಆತು, ನನಗ ತಿಳಿಸಿ ಹೇಳು" ಎಂದು ಕೂರುವರು. ಅವರಿಗೆ ತಿಳಿಯುವ ತನಕ ಅವಳು ಹೇಳಬೇಕು. ಅವರಿಗೆ ಬೇಗ ತಿಳಿಯುತ್ತಲೂ ಇರಲಿಲ್ಲ. ಹೀಗೆ ಒಂದು ವರ್ಷದಲ್ಲಿ ನನ್ನ ಮಗಳು ಆಡಿದಷ್ಟು ಮಾತು, ಅದಕ್ಕೂ ಹಿಂದಿನ ಎಲ್ಲ ವರ್ಷ ಸೇರಿಸಿದರೂ ಆಡಿರಲಿಲ್ಲ.

ಮೊದಲ ಸಲದ ಫಲಿತಾಂಶ ಬಂತು. ಎಲ್ಲ ಪಾಸು, ಗಣಿತ ಫೇಲು. ಸಹನಾ ಒಳಗೆ ಹೋಗಿ ಕದ ಮುಚ್ಚಿಕೊಂಡಳು. ನಾನು ಗಿರಣಿಯಿಂದ ಕಾಕಾ ಅವರಿಗೆ ಫೋನು ಹಚ್ಚಿ, "ನಾ ಹೇಳಿದ್ದೆ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಕೂಡಲೇ ಎದ್ದು ನಮ್ಮ ಮನೆಗೇ ಹೋದರಂತೆ. ಮುಚ್ಚಿದ ಕದದ ಮುಂದೆ ಕೂತು, ತಮ್ಮ ಕಾಲುವೆಯ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಒದರಿದರಂತೆ: "ಬೇಟಿ, ಮೊದಲನೇ ನೀರು ಭೂಮೀನ ಕುಡೀತೈತಿ! ಬೆಳಿಗೆ ಹತ್ತೋದು ಎರಡನೇ ನೀರು! ಬಾಗಲಾ ತೆಗೀ, ಚಹಾ ಕುಡಿಸು!"

ಕದ ತೆರೆಯಿತು. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಗಣಿತಕ್ಕೆ ನಲವತ್ತಾರು ಬಂತು. ದೊಡ್ಡ ಅಂಕವಲ್ಲ. ಕಾಕಾ ಆ ನಲವತ್ತಾರನ್ನು ಕಂಡಕಂಡವರಿಗೆ ನೂರಕ್ಕೆ ನೂರರಂತೆ ಹೇಳಿಕೊಂಡು ತಿರುಗಿದರು.

ಈ ವರ್ಷ ಕಾಲೇಜಿನಲ್ಲಿ ಪ್ರವೇಶದ ದಿನ ಕಾಕಾ ಕೂಡ ಬಂದಿದ್ದರು. ಮುಂದೆ ಅವರನ್ನು ಕರೆದೊಯ್ದ ಉಸಿರಾಟದ ತೊಂದರೆ ಆಗಲೇ ಶುರುವಾಗಿತ್ತು. ಮೆಟ್ಟಿಲ ಹತ್ತಿರ ಬಂದವರೇ, "ನಾ ಇಲ್ಲೇ ಕುಂದ್ರತೀನಿ, ನೀವು ಹೋಗ್ರಿ" ಎಂದರು.

"ಒಳಗ ಬರ್ರಿ ಕಾಕಾ. ಇಷ್ಟೆಲ್ಲಾ ಮಾಡಿದೋರು ನೀವು."

"ನಾ ಬಂದ್ರ ಅವರು ನನ್ನ ಕೇಳ್ತಾರ, ಇಲ್ಲಾ ನಿನ್ನ ಕೇಳ್ತಾರ, ಆಕಿನ್ನ ಕೇಳಂಗಿಲ್ಲ. ಹೋಗ್ರಿ, ಹೋಗ್ರಿ."

ಒಳಗೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಮೇಜಿನಾಚೆ ಕೂತಿದ್ದವರು ಕಾಗದ ತಿರುವಿ, ನನ್ನ ಮುಖ ನೋಡಿ, "ಸಿವಿಲ್ ಬರದೀರಿ. ಕಂಪ್ಯೂಟರ್‌ನಾಗೂ ಒಂದು ಸೀಟ್ ಉಳದೈತಿ. ಹೆಣ್ಣುಹುಡುಗಿ, ಬಿಸಲಾಗ ಅಲಿಯೋದು ತಪ್ಪತೈತಿ. ಅದನ್ನ ಹಾಕಲೇನು?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನನ್ನೊಳಗೆ ಆ ಹಳೆಯ ಭಯ ಎದ್ದು ಕೂತಿತು. ನೆರಳು, ಕುರ್ಚಿ, ಫ್ಯಾನು, ಯಾರ ಎದುರಿಗೂ ಮಾತಾಡಬೇಕಾಗದ ಕೆಲಸ. 'ಹಾಕ್ರಿ ಸರ್' ಎಂಬ ಮಾತು ಹಲ್ಲಿನ ತನಕ ಬಂತು. ಅದನ್ನು ನುಂಗಿದೆ. "ಆಕೀನ ಹೇಳ್ತಾಳ್ರಿ" ಎಂದೆ.

ಸಹನಾ ಬಾಯಿ ತೆರೆದಳು. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಹಿಂದಿನ ಸಾಲಿನವರು ಗೊಣಗಿದರು, ಯಾರೋ ಒಬ್ಬ ನಕ್ಕ. ಮೇಜಿನಾಚೆಯವರು ಪೆನ್ನು ಹಿಡಿದು ಕಾಯ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ, ಅವಳ ಮುಖ ನೋಡಲಿಲ್ಲ. "ಸಿ... ಸಿ... ಸಿವಿಲ್" ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ನ... ನನಗ ಬಿಸಲು ರೂಢಿ ಐತ್ರಿ ಸರ್" ಎಂದಳು.

ಹೊರಗೆ ಬಂದಾಗ ಕಾಕಾ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತಿದ್ದರು. ಯಾವ ಸೀಟು ಸಿಕ್ಕಿತೆಂದು ಅವರು ಕೇಳಲಿಲ್ಲ.

"ಯಾರು ಹೇಳಿದ್ರು?" ಎಂದರು.

"ಆಕೀನ ಹೇಳಿದ್ಲು."

"ಪೂರಾ?"

"ಪೂರಾ. ಮ್ಯಾಲೊಂದು ಮಾತು ಹೆಚ್ಚಿಗೆನ ಹೇಳಿದ್ಲು."

ಕಾಕಾ ನನ್ನ ಭುಜ ಹಿಡಿದು ಎದ್ದು ನಿಂತರು. "ಹಂಗಾರ ಇನ್ನ ಇಕಿನ ಕಾಲೇಜಿಗೆ ಬಿಡಾಕ ನೀ ಬರಬ್ಯಾಡ. ಗಿರಣಿ ನೋಡಕೋ" ಎಂದು ಹೇಳಿ, ಮಸ್ಕಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಸಹನಾಳನ್ನೇ ಕೇಳಿ, ಅವಳ ಹಿಂದೆ ನಡೆದರು.